ಕಿಟಕಿಯ ಈ ಕಡೆ ನಿಂತವರು

ಕಾರವಾರದ ಬೈತಖೋಲದಲ್ಲಿ, ಮೀನು ದೋಣಿ ನಿಲ್ಲುವ ಧಕ್ಕೆಯಲ್ಲಿ, ಮೊದಲು ಹೇಳಿದ ಬೆಲೆಯನ್ನೇ ಕೊಟ್ಟು ಮೀನು ಕೊಂಡವರನ್ನು ನನ್ನ ಆಯುಷ್ಯದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಬುಟ್ಟಿಯ ಮುಂದೆ ಕೂತ ದೇವಕಿ ಬಾಯಿ ಯಾರು ಬಂದರೂ ಒಂದೂವರೆ ಪಟ್ಟು ಹೇಳುವವಳು. ಅದು ಅವಳ ಧರ್ಮ. ಕೊಳ್ಳುವವನು ಅರ್ಧಕ್ಕೆ ಕೇಳಬೇಕು. ಅದು ಅವನ ಧರ್ಮ. ಇಬ್ಬರೂ ಬೈದುಕೊಂಡು ನಡುವೆ ಎಲ್ಲೋ ಒಂದು ಕಡೆ ಕೂಡಬೇಕು. ಇವರು ಮಾತ್ರ ಕೊಡೆ ಮಡಚಿ ಕಂಕುಳಲ್ಲಿ ಸಿಕ್ಕಿಸಿ, ಬಂಗಡೆಯ ಕಿವಿರು ಸಹ ಎತ್ತಿ ನೋಡದೆ, "ಎಷ್ಟು ಬಾಯಿ?" ಎಂದು ಕೇಳಿ, ಹೇಳಿದಷ್ಟು ಎಣಿಸಿಕೊಟ್ಟು ಹೋಗುತ್ತಿದ್ದರು.

ದೇವಕಿಗೆ ಇದರಿಂದ ಸುಖವಾಗಲಿಲ್ಲ. "ಈ ಮನ್ಶಾ ಜಗಳಾನೇ ಮಾಡೂದಿಲ್ಲಲಾ! ನಂಗೆ ಪಾಪ ಸುತ್ಕಳೂದಿಲ್ವಾ?" ಎಂದು ನನ್ನ ಹತ್ತಿರ ದೂರಿದಳು.

ನಾನು ಆಗ ಎರಡು ಟೆಂಪೋ, ಅರ್ಧ ಐಸ್ ಫ್ಯಾಕ್ಟರಿಯ ಒಡೆಯ. ಇದೇ ಧಕ್ಕೆಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಶುರುಮಾಡಿದವನು. ಚೌಕಾಸಿ ಮಾಡದೆ ಒಬ್ಬ ಮನುಷ್ಯ ಕಣ್ಣೆದುರಿಗೆ ಲುಕ್ಸಾನು ಮಾಡಿಕೊಳ್ಳುವುದನ್ನು ನೋಡಿ ಸುಮ್ಮನಿರುವುದು ನನ್ನಿಂದ ಆಗದ ಕೆಲಸ. ಮುಂದಿನ ಬುಧವಾರ ಅಡ್ಡ ನಿಂತೆ. "ಸಾಹೇಬ್ರೆ, ಅವ್ಳು ಹೇಳಿದ್ರಲ್ಲಿ ಮೂರನೇ ಒಂದು ಪಾಲು ಸುಳ್ಳು. ಕೇಳಿ ಕಮ್ಮಿ ಮಾಡಿ."

ಅವರು ಕನ್ನಡಕದ ಮೇಲಿಂದ ನೋಡಿದರು. "ಅವ್ಳು ಹೇಳಿದ್ದು ಸುಳ್ಳು ಅನ್ನೂಕೆ ನನ್ಹತ್ರ ಎಂತಾ ದಾಖಲೆ ಅದೆ ತಮಾ?"

ನಮ್ಮ ಪರಿಚಯ ಆದದ್ದು ಹಾಗೆ.

ಅವರ ಹೆಸರು ಬರೆಯುವುದಿಲ್ಲ. "ಹೆಸ್ರು ಇರ್ಬೇಕಾದಲ್ಲಿ ಇದ್ರೆ ಸಾಕು, ಎಲ್ಲಾ ಕಡೆ ಎಂತಕ್ಕೆ?" ಎನ್ನುತ್ತಿದ್ದವರು ಅವರೇ. ಊರಿಗೆಲ್ಲ ಅವರು ಆಡಿಟರು. ಅಂಕೋಲೆ ಕಡೆಯ ಬೇಸಾಯದ ಮನೆತನ. ಸಹಕಾರ ಸಂಘಗಳ ಲೆಕ್ಕ ತಪಾಸಣೆಯ ಇಲಾಖೆಯಲ್ಲಿ ಬದುಕು ಸವೆಸಿ, ನಿವೃತ್ತಿಯಾದ ಮೇಲೆ ಕಾರವಾರದಲ್ಲೇ ಉಳಿದವರು. ಹೆಂಡತಿ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದ ಅಕ್ಕೋರು. ಮಕ್ಕಳಿರಲಿಲ್ಲ. ನಿವೃತ್ತಿಯಾದವರು ಬೆಳಿಗ್ಗೆ ಕಡಲ ತೀರದಲ್ಲಿ ತಿರುಗುತ್ತಾರೆ. ಇವರು ತಾಲೂಕು ಕಚೇರಿ, ಉಪನೋಂದಣಿ ಕಚೇರಿ, ನಗರಸಭೆ ತಿರುಗುತ್ತಿದ್ದರು. ಬಟ್ಟೆ ಚೀಲದಲ್ಲಿ ಪ್ಲಾಸ್ಟಿಕ್ ಕವರು, ಕವರಿನೊಳಗೆ ಕಾಗದ, ಹಳೆ ಮುಲಾಮಿನ ಡಬ್ಬಿಯಲ್ಲಿ ಒಂದು ಒದ್ದೆ ಸ್ಪಂಜು. ಎಂಜಲು ಹಚ್ಚಿ ಹಾಳೆ ಮಗುಚುವವರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. "ಅದು ಮೂರು ತಲೆಮಾರಿನ ಪುಸ್ತಕ, ನಿನ್ನ ಊಟದ ಎಲೆ ಅಲ್ಲ" ಎಂದು ಒಬ್ಬ ವಕೀಲರಿಗೇ ಹೇಳಿದ್ದನ್ನು ನಾನು ಕೇಳಿದ್ದೇನೆ.

ಯಾರದೋ ಜಮೀನಿನ ತಂಟೆ, ಯಾರದೋ ಸಂಘದ ಹಣ ನುಂಗಿದ ಸುದ್ದಿ. ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಅವರು ಯಾರ ಮನೆಗೂ ನುಗ್ಗಲಿಲ್ಲ, ಯಾರ ಹಿಂದೆಯೂ ಆಳು ಬಿಡಲಿಲ್ಲ. ಎಲ್ಲರೂ ಹೋಗಿ ಕೇಳಬಹುದಾದ, ಆದರೆ ಯಾರೂ ಹೋಗಿ ಕೇಳದ ಪುಸ್ತಕಗಳನ್ನಷ್ಟೇ ಓದುತ್ತಿದ್ದರು: ಪಹಣಿ, ಖರೀದಿ ಪತ್ರದ ನಕಲು, ಹುಟ್ಟು ಸಾವಿನ ಪುಸ್ತಕ, ಮತದಾರರ ಪಟ್ಟಿ, ದೋಣಿ ನೋಂದಣಿ. ಆ ಕಚೇರಿಗಳಲ್ಲಿ ಅರ್ಧ ಜನ ಅವರ ಪರಿಚಯದವರೇ. "ಒಳಗೆ ಬನ್ನಿ ಸರ್, ಚಾ ಕುಡೀರಿ" ಎಂದರೂ ಹೋಗುತ್ತಿರಲಿಲ್ಲ. ಸರತಿಯಲ್ಲಿ, ಕಿಟಕಿಯ ಈ ಕಡೆಯೇ ನಿಲ್ಲುತ್ತಿದ್ದರು. ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ರಸೀದಿ ಇಸಕೊಂಡು, ಹೇಳಿದ ದಿನ ಬರುತ್ತಿದ್ದರು.

"ಒಳಗೆ ಹೋಗಿ ತಂದ್ರೆ ಅದು ಋಣ. ಕಿಟಕೀಲಿ ತಂದ್ರೆ ಅದು ಹಕ್ಕು" ಎನ್ನುತ್ತಿದ್ದರು.

ನಾನು ನಗುತ್ತಿದ್ದೆ. ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸಕ್ಕೆ ಎಂಟು ದಿನ ಕಾಯುವುದು ಯಾವ ಶಹಾಣತನ? ಆ ಶಹಾಣತನ ನನ್ನ ಮನೆಯ ಬಾಗಿಲಿಗೇ ಬೇಕಾಗಿ ಬಂತು.

ನನ್ನ ತಂಗಿ ಗುಲಾಬಿಯನ್ನು ಬೆಳಂಬಾರಕ್ಕೆ ಕೊಟ್ಟಿದ್ದೆವು. ಅಂಕೋಲೆಯ ಒಂದು ಪತ್ತಿನ ಸಂಘದಲ್ಲಿ ಅವಳು ಕ್ಯಾಶಿಯರ್. ಸಂಘದ ಹೆಸರು ಬೇಡ. ಮೀನುಗಾರರಿಗೆ ದೋಣಿ ರಿಪೇರಿಗೆ, ಬಲೆಗೆ ಸಾಲ ಕೊಡುವ ಸಂಘ ಎಂದರೆ ಸಾಕು. ಎರಡು ಸಾವಿರನೇ ಇಸವಿ ದಾಟಿ ಆಗಷ್ಟೇ ಪಹಣಿ ಕಂಪ್ಯೂಟರಿಗೆ ಬಂದ ಕಾಲ. ಒಂದು ದಿನ ಸಂಘದಲ್ಲಿ ಐದು ಸಾಲಗಳು ವಸೂಲಿಯಾಗದೆ ಸಿಕ್ಕಿಬಿದ್ದವು. ಹುಡುಕಿಕೊಂಡು ಹೋದರೆ ಆ ಸಾಲಗಾರರೇ ಇಲ್ಲ. ಒಟ್ಟು ಒಂಬತ್ತು ಲಕ್ಷ. ಐದೂ ವೋಚರಿನ ಮೇಲೆ "ನಗದು ಪಾವತಿಸಿದೆ" ಎಂಬಲ್ಲಿ ಸಹಿ ಗುಲಾಬಿಯದು.

ನಡೆದದ್ದು ಇಷ್ಟು. ಕಾರ್ಯದರ್ಶಿ ವೋಚರು ಕಳಿಸುತ್ತಿದ್ದ: "ಪಾರ್ಟಿ ನನ್ನ ಕೋಣೇಲಿ ಕೂತಾರೆ, ದುಡ್ಡು ಇಲ್ಲಿಗೆ ಕೊಡು ಬಾಯಿ." ಇವಳು ಕೊಡುತ್ತಿದ್ದಳು, ಸಹಿ ಹಾಕುತ್ತಿದ್ದಳು. ಈಗ ಕಾರ್ಯದರ್ಶಿ ಕೈ ತೊಳೆದುಕೊಂಡು, ಹಣ ಇವಳೇ ಹೊಡೆದಳು ಎಂದ. ಗುಲಾಬಿಯನ್ನು ಕೆಲಸದಿಂದ ಅಮಾನತು ಮಾಡಿ ಮನೆಯಲ್ಲಿ ಕೂರಿಸಿದರು. ಸಹಕಾರ ಇಲಾಖೆಯಿಂದ ವಿಚಾರಣಾಧಿಕಾರಿ ಬರುತ್ತಾರೆ. ವಿಚಾರಣೆ ಮುಗಿಯುವುದರೊಳಗೆ ಹಣ ಕಟ್ಟಿದರೆ ಸರಿ, ಇಲ್ಲದಿದ್ದರೆ ಪೊಲೀಸು. ಬೆಳಂಬಾರದಲ್ಲಿ ಅವಳ ಅತ್ತೆ ಕಪಾಟಿಗೆ ಬೀಗ ಹಾಕಲು ಶುರುಮಾಡಿದಳು. ಬಾಯಲ್ಲಿ ಒಂದು ಮಾತು ಆಡಲಿಲ್ಲ. ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು ಅಷ್ಟೆ. ಗುಲಾಬಿ ಅದನ್ನು ನನಗೆ ಹೇಳುವಾಗ ಅಳಲಿಲ್ಲ. ರೇಷನ್ ಅಂಗಡಿಯ ಪುಸ್ತಕಕ್ಕೆ ಸಹಿ ಹಾಕಲು ಹೋಗಿ ಕೈ ನಡುಗಿ ಹಾಗೇ ವಾಪಸು ಬಂದೆ ಎಂದು ಹೇಳುವಾಗ ಅತ್ತಳು.

ನಾನು ನನಗೆ ಗೊತ್ತಿದ್ದದ್ದನ್ನು ಮಾಡಿದೆ. ಆಡಳಿತ ಮಂಡಳಿಯ ಇಬ್ಬರನ್ನು ಹಿಡಿದು, ಮೂರು ಬೈಠಕ್ ಮಾಡಿ, ಒಂಬತ್ತು ಲಕ್ಷವನ್ನು ನಾಲ್ಕಕ್ಕೆ ಇಳಿಸಿದೆ. ಬೆಳಂಬಾರದ ಅವರ ಮನೆ ಜಾಗ ಮಾರಿದರೆ ಎರಡು ಬರುತ್ತದೆ, ಉಳಿದ ಎರಡು ನಾನು ಹಾಕುತ್ತೇನೆ, ಕೇಸು ಇಲ್ಲ, ಗದ್ದಲ ಇಲ್ಲ. ನನ್ನ ಜೀವನದ ದೊಡ್ಡ ಚೌಕಾಸಿ. ಧಕ್ಕೆಯಲ್ಲಿ ಆಡಿಟರು ಸಿಕ್ಕಾಗ ಹೆಮ್ಮೆಯಿಂದಲೇ ಹೇಳಿದೆ.

ಅವರ ಕೈಯಲ್ಲಿದ್ದ ಮೀನಿನ ಚೀಲ ಹಾಗೇ ನಿಂತಿತು. "ತಂಗಿ ಕದ್ದಾಳಾ?"

"ಛೇ! ಎಂತಾ ಮಾತು ಸಾಹೇಬ್ರೆ."

"ಹಂಗಾರೆ ನಾಲ್ಕು ಲಕ್ಷ ಎಂತದಕ್ಕೆ? ಒಂಬತ್ತರ ಕಳ್ಳಿ ಅಲ್ಲ, ನಾಲ್ಕರ ಕಳ್ಳಿ ಅಂತ ಬರ್ಸೂಕಾ?" ಅವರು ಸಿಟ್ಟಾದದ್ದನ್ನು ನಾನು ಅಂದೇ ಮೊದಲು ನೋಡಿದ್ದು. "ಚೌಕಾಸಿ ಮೀನಿಗೆ ಮಾಡೂದು ತಮಾ. ಹೆಸ್ರಿಗೆ ಮಾಡೂದಲ್ಲ."

ಓದುವವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಮಾಡದ ತಪ್ಪಿಗೆ ರಾಜಿ ಹಣ ಕಟ್ಟಬೇಡಿ. ಅರ್ಧ ಉಳಿಯಿತು ಎಂದು ನಿಮಗೆ ಅನ್ನಿಸುತ್ತದೆ. ಕಟ್ಟಿದ ರಸೀದಿ ನಿಮ್ಮ ಒಪ್ಪಿಗೆಯಾಗಿ ಇನ್ನೊಬ್ಬರ ಕಪಾಟಿನಲ್ಲಿ ಕೂತಿರುತ್ತದೆ. ಇದನ್ನು ನಾನು ವಕೀಲರಿಂದಲ್ಲ, ಬಂಗಡೆಯ ಚೀಲ ಹಿಡಿದು ನಿಂತ ಒಬ್ಬ ಮುದುಕರಿಂದ ಕಲಿತೆ.

ಮಾರನೆಯ ದಿನ ಗುಲಾಬಿಯನ್ನು ಅವರ ಮನೆಗೆ ಕರೆದುಕೊಂಡು ಹೋದೆ. ಅಕ್ಕೋರು ಚಾ ಕೊಟ್ಟರು. ಆಡಿಟರು ಸಮಾಧಾನದ ಒಂದು ಮಾತು ಆಡಲಿಲ್ಲ. "ನೀನು ಕದ್ದಿಲ್ಲ ತಂಗಿ, ಅದು ನಂಗೆ ಗೊತ್ತು. ಆದ್ರೆ ತಕ್ಕೊಳ್ಳೂವವನ ಮುಖ ನೋಡದೆ ಕೊಟ್ಟೆ ಅಂತ ಸಹಿ ಹಾಕಿದ್ಯಲ್ಲ, ಅದು ನಿಂದೇ ತಪ್ಪು. ಅದನ್ನ ನಾನು ಎಲ್ಲೂ ಮುಚ್ಚೂದಿಲ್ಲ. ಒಪ್ಪಿಗೆ ಅದ್ಯಾ?"

ಅವಳು ತಲೆಯಾಡಿಸಿದಳು. ಕೆಲಸ ಶುರುವಾಯಿತು.

ಕೂಲಿ ಎಷ್ಟು ಎಂದು ಕೇಳಿದೆ. ನಕಲು ಶುಲ್ಕ, ಬಸ್ ಚಾರ್ಜು, ಅಷ್ಟೆ ಎಂದರು. ಒಂದು ಒಳ್ಳೆಯ ಇಸವಾಣ ಮೀನನ್ನು ಐಸಿನಲ್ಲಿಟ್ಟು ಮನೆಗೆ ಕಳಿಸಿದೆ. ವಾಪಸು ಬಂತು, ಜತೆಗೆ ಒಂದು ಚೀಟಿ: "ವಿಚಾರಣೆ ಮುಗಿಯುವವರೆಗೆ ನಿಮ್ಮ ಮೀನು ನನಗೆ ವರ್ಜ್ಯ." ಮೀನೆಂದರೆ ಪ್ರಾಣ ಬಿಡುವ ಮನುಷ್ಯ ಬರೆದ ಚೀಟಿ ಅದು. ಅಕ್ಷರ ಸ್ವಲ್ಪ ಸೊಟ್ಟಗಿತ್ತು.

ಮೊದಲು ಅವರು ಐದು ಸಾಲಗಾರರ ಹೆಸರು ಹಿಡಿದು ಹೊರಟರು. ಒಬ್ಬನ ವಿಳಾಸ ಬೆಳಂಬಾರದ್ದೇ. ಸಾವಿನ ಪುಸ್ತಕದ ಉತಾರ ತೆಗೆಸಿದರೆ, ಸಾಲ ತೆಗೆದುಕೊಳ್ಳುವ ಎರಡು ಮಳೆಗಾಲ ಮೊದಲೇ ಆ ಪುಣ್ಯಾತ್ಮ ತೀರಿಕೊಂಡಿದ್ದ. ನಾನು ಕುಣಿದೆ. "ಗೆದ್ವಲ್ಲಾ ಸಾಹೇಬ್ರೆ!"

"ಎಂತಾ ಗೆದ್ದದ್ದು? ಸತ್ತವ ಸಾಲ ತೆಗೀಲಿಲ್ಲ ಅಂತ ಆಯ್ತು. ತಂಗಿ ತೆಗೀಲಿಲ್ಲ ಅಂತ ಆಗ್ಲಿಲ್ಲ." ಸ್ಪಂಜಿಗೆ ಬೆರಳು ಒತ್ತಿ ಇನ್ನೊಂದು ಹಾಳೆ ಮಗುಚಿದರು. "ದುಡ್ಡು ನೀರಿದ್ದ ಹಂಗೆ. ಮುಚ್ಚಿಟ್ರೂ ಎಲ್ಲೋ ಒಂದು ಕಡೆ ಒಸರ್ತದೆ. ಬಂಗಾರಕ್ಕೆ ಹೋದ್ರೆ ದಾಖಲೆ ಇಲ್ಲ. ದೋಣಿಗೋ ಭೂಮಿಗೋ ಹೋದ್ರೆ ಅದೆ."

ದೋಣಿ ನೋಂದಣಿಯಲ್ಲಿ ಕಾರ್ಯದರ್ಶಿಯ ಹೆಸರಿರಲಿಲ್ಲ. ಉಪನೋಂದಣಿ ಕಚೇರಿಯ ಸೂಚಿ ಪುಸ್ತಕದಲ್ಲೂ ಇರಲಿಲ್ಲ. ಆದರೆ ಭಾವಿಕೇರಿಯಲ್ಲಿ ಅವನು ಭಾನುವಾರ ಭಾನುವಾರ ಒಂದು ಹೊಲಕ್ಕೆ ಬೇಲಿ ಕಟ್ಟಿಸುವುದನ್ನು ಜನ ನೋಡಿದ್ದರು. ಕೇಳಿದರೆ ಗೆಳೆಯನ ಜಾಗ ಎನ್ನುತ್ತಿದ್ದ. ಆಡಿಟರು ಆ ಸರ್ವೆ ನಂಬರಿನ ಪಹಣಿ ತೆಗೆಸಿದರು. ಮಾಲಿಕಳ ಹೆಸರು ಶೇವಂತಿ, ತಂದೆ ಪುಂಡಲೀಕ. ಖರೀದಿ ಪತ್ರದ ನಕಲು ತರಿಸಿದರೆ, ಮೂರನೆಯ ಸಾಲ ಕೊಟ್ಟ ನಾಲ್ಕು ದಿನಕ್ಕೆ ಖರೀದಿ. ಪಕ್ಕದ ತುಂಡು, ಐದನೆಯ ಸಾಲದ ಬೆನ್ನಿಗೇ. ಆ ಕಾಲದ ಪತ್ರಗಳಲ್ಲಿ ಫೋಟೋ ಇರಲಿಲ್ಲ. "ಸದ್ಯ ವಾಸ ಅಂಕೋಲಾ" ಎಂದಷ್ಟೇ ಇತ್ತು.

ಶೇವಂತಿ ಯಾರು? ಭಾವಿಕೇರಿಯಲ್ಲಿ ಗೊತ್ತಿಲ್ಲ. ಅಂಕೋಲೆಯ ಮತದಾರರ ಪಟ್ಟಿಯಲ್ಲಿ ಪುಂಡಲೀಕನ ಮಗಳು ಶೇವಂತಿ ಇಲ್ಲ. ಆಡಿಟರು ಹದಿನೈದು ದಿನ ಆ ಹೆಸರಿನ ಮುಂದೆ ಕೂತರು. ವಿಚಾರಣೆಯ ಕೊನೆಯ ತಾರೀಕು ಹತ್ತಿರ ಬರುತ್ತಿತ್ತು.

ನನ್ನ ಸಹನೆ ಮುಗಿಯಿತು. ಒಂದು ಬ್ಯಾಂಕಿನಲ್ಲಿ ನನಗೆ ಬೇಕಾದವನೊಬ್ಬ ಇದ್ದ. ಕಾರ್ಯದರ್ಶಿಯ ಹೆಂಡತಿ ಮಂಗಲಾ ಬಾಯಿಯ ಖಾತೆ ಅಲ್ಲೇ ಇತ್ತು. ಅದರ ಒಂದು ಪ್ರತಿ ಹಿಂದಿನ ಬಾಗಿಲಿನಿಂದ ನನ್ನ ಕೈಗೆ ಬಂತು. ಸಾಲದ ತಾರೀಕು, ಖಾತೆಗೆ ಹಣ ಬಿದ್ದ ತಾರೀಕು ಅಕ್ಕಪಕ್ಕ! ಹಿಗ್ಗು ತಡೆಯಲಾರದೆ ಅಂಕೋಲೆಯ ಚಾ ಅಂಗಡಿಯಲ್ಲಿ ನಾಲ್ಕು ಜನರೆದುರು ಕಾಗದ ಬೀಸಿ, "ಕಳ್ಳ ಸಿಕ್ದ" ಎಂದೆ. ಅಲ್ಲಿಂದ ನೇರ ಆಡಿಟರ ಮನೆಗೆ ಬಂದು ಅವರ ಮುಂದಿಟ್ಟೆ.

ಅವರು ಓದಲಿಲ್ಲ. ಮೇಲಿನ ಸಾಲು ಕಂಡದ್ದೇ ಕಾಗದವನ್ನು ಬೋರಲು ಹಾಕಿ, ಅದರ ಮೇಲೆ ಕನ್ನಡಕದ ಪೆಟ್ಟಿಗೆ ಇಟ್ಟರು.

"ಇದು ಕಿಟಕೀಲಿ ಸಿಗೂ ಕಾಗ್ದ ಅಲ್ಲ."

"ಆದ್ರೆ ನಿಜ ಸಾಹೇಬ್ರೆ!"

"ನಿಜಾನೇ ಇರ್ಲಿ. ಇನ್ನೊಬ್ರ ಮನೆ ಹೆಂಗಸಿನ ಖಾತೆ. ಕೇಳೂ ಅಧಿಕಾರ ನಿಂಗೂ ಇಲ್ಲ, ನಂಗೂ ಇಲ್ಲ. ಇದನ್ನ ಒಳಗಿಟ್ರೆ ಅವರ ವಕೀಲ ಎಂತಾ ಹೇಳ್ತಾನೆ ಗೊತ್ತದ್ಯಾ? ಇವ್ರು ತಂದ ಕಾಗ್ದ ಎಲ್ಲಾ ಹಿಂಗೇ ತಂದದ್ದು ಅಂತಾನೆ. ನಾನು ರಸೀದಿ ಇಟ್ಕಂಡು ತಂದ ನಕಲೆಲ್ಲಾ ನಿನ್ನ ಒಂದು ಕಾಗ್ದದ ಸಂಗ್ಡ ಮುಳುಗ್ತದೆ."

"ಹರ್ದು ಹಾಕ್ತೆ ಹಂಗಾರೆ."

"ಹರೀಬೇಡ. ಕೊಟ್ಟವನಿಗೆ ವಾಪಸ್ ಕೊಡು. ಪಾಪ, ಅವನ ನೌಕರಿನೂ ನಿನ್ನ ಕಿಸೇಲಿ ಅದೆ ಈಗ."

ಮೂರನೆಯ ದಿನ ಮಾನಹಾನಿ ಎಂದು ನನಗೆ ವಕೀಲರ ನೋಟಿಸು ಬಂತು. ಚಾ ಅಂಗಡಿಯ ನಾಲ್ಕು ಜನರ ಹೆಸರೂ ಸಾಕ್ಷಿಗಳೆಂದು ಅದರಲ್ಲಿತ್ತು. ಆಡಿಟರು ಎಂಟು ದಿನ ನನ್ನ ಜತೆ ಮಾತಾಡಲಿಲ್ಲ. ನೋಟಿಸಿಗೆ ಉತ್ತರವನ್ನು ಮಾತ್ರ ತಾವೇ ಕೂತು ಬರೆದು, ವಕೀಲರಿಗೆ ತೋರಿಸು ಎಂದು ಅಕ್ಕೋರ ಕೈಯಲ್ಲಿ ಕಳಿಸಿದರು. "ಸಂಶಯ ಇದ್ರೆ ಅರ್ಜಿ ಬರಿ. ಚಾ ಅಂಗಡೀಲಿ ಭಾಷಣ ಮಾಡ್ಬೇಡ" ಎಂದು ಕೆಳಗೊಂದು ಸಾಲು. ನಾನು ಈಗಲೂ ಎಲ್ಲರಿಗೂ ಕೊಡುವ ಸಲಹೆ ಅದೇ. ನಿಮ್ಮ ಕೈಯಲ್ಲಿ ನಿಜ ಇದ್ದಷ್ಟೂ ಬಾಯಿ ಮುಚ್ಚಿಕೊಂಡಿರಿ.

ಮಾತು ಬಿಟ್ಟಿದ್ದರೂ, ನನ್ನ ಚಿಕ್ಕಪ್ಪನ ಮಗನ ಮದುವೆಗೆ ಬಂದರು. ಆಮಂತ್ರಣ ಸ್ವೀಕರಿಸಿದ್ದೇನೆ, ಬರದಿದ್ದರೆ ತಪ್ಪು ಎಂದು ಅಕ್ಕೋರ ಹತ್ತಿರ ಹೇಳಿದರಂತೆ. ಧಾರೆ ಮುಗಿದು, ಸಂಜೆ ವಧುವನ್ನು ಮನೆ ತುಂಬಿಸಿಕೊಂಡೆವು. ಕೊಂಕಣಿ ಮಾತಾಡುವ ನಮ್ಮಂಥ ಮನೆಗಳಲ್ಲಿ ಆಗ ಒಂದು ಶಾಸ್ತ್ರವಿದೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯಬೇಕು. ಅಂದಿನಿಂದ ಆ ಮನೆಯಲ್ಲಿ ಅವಳಿಗೆ ಅದೇ ಹೆಸರು. ನಮ್ಮ ಹುಡುಗ ನಾಚಿಕೊಂಡು ಬರೆದ. ಹೆಂಗಸರು ನಕ್ಕು, ಬೆಲ್ಲ ಹಂಚಿದರು.

ಆಡಿಟರ ಮನೆತನದಲ್ಲಿ ಈ ಪದ್ಧತಿಯಿಲ್ಲ. ಮೂವತ್ತು ವರ್ಷ ಕಾರವಾರದಲ್ಲಿದ್ದರೂ ಇಷ್ಟು ಹತ್ತಿರ ಕೂತು ನೋಡಿರಲಿಲ್ಲ. ಪಕ್ಕದಲ್ಲಿದ್ದ ನನ್ನ ತಾಯಿಯನ್ನು ಮಗುವಿನಂತೆ ಕೇಳಿದರು: "ಹಂಗಾರೆ ಹಳೇ ಹೆಸ್ರು ಎಂತಾ ಆಗ್ತದೆ ಬಾಯಿ?"

"ಎಂತಾ ಆಗ್ತದೆ? ತವರಲ್ಲಿ ಇರ್ತದೆ" ಎಂದಳು ಆಯಿ. "ನಮ್ಮ ಗುಲಾಬಿ ನಮ್ಗೆ ಗುಲಾಬಿ. ಬೆಳಂಬಾರದಲ್ಲಿ ಹೋಗಿ ಗುಲಾಬಿ ಅಂದ್ರೆ ಯಾರಿಗೂ ತಿಳಿಯೂದಿಲ್ಲ. ಅಲ್ಲಿ ಅವ್ಳು ಸುಮನಾ."

"ಸಂಘದ ಕಾಗ್ದದಲ್ಲಿ ಸುಮನಾ ಅಂತ ಅದೆ. ಗುಲಾಬಿ ಅಂದ್ರೆ ಪ್ರೀತಿ ಹೆಸ್ರಲ್ವಾ?"

"ಅಯ್ಯೋ ಬಾಬಾ, ಬಾರ್ಸೆ ದಿನ ತೊಟ್ಲಲ್ಲಿ ಹಾಕಿ ಕರ್ದದ್ದು!"

ಅವರ ಕೈಯಲ್ಲಿ ಬೆಲ್ಲದ ತುಂಡಿತ್ತು. ಬಾಯಿಗೆ ಹಾಕಿಕೊಳ್ಳಲಿಲ್ಲ. ಎಂಟು ದಿನಗಳ ಮೌನ ಮುರಿದು, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ತಮಾ, ಕಾರ್ಯದರ್ಶಿ ಹೆಂಡ್ತಿ ತವರು ಎಲ್ಲಿ?"

ನನಗೆ ನಾಚಿಕೆಯಾಯಿತು. ನನ್ನ ತಾಯಿಗೆ ಎರಡು ಹೆಸರು, ತಂಗಿಗೆ ಎರಡು, ಹೆಂಡತಿಗೆ ಎರಡು. ಹದಿನೈದು ದಿನ ಶೇವಂತಿ ಯಾರೆಂದು ಊರೂರು ಕೇಳುತ್ತ ತಿರುಗಿದ ನನಗೆ ಒಮ್ಮೆಯೂ ಅದು ಹೊಳೆದಿರಲಿಲ್ಲ. ದಿನಾ ಕಡಲು ನೋಡುವವನಿಗೆ ಕಡಲಿನ ಸದ್ದು ಕೇಳುವುದಿಲ್ಲವಲ್ಲ, ಹಾಗೆ.

ಮಂಗಲಾ ಬಾಯಿಯ ತವರು ಕಾಳಿ ನದಿಯ ಆಚೆಗಿನ ಒಂದು ಹಳ್ಳಿ. ಸೋಮವಾರ ತಾಲೂಕು ಕಚೇರಿಗೆ ಹೋದೆವು. ಆಡಿಟರು ಹುಡುಕಿದ್ದು ಮದುವೆಯನ್ನಲ್ಲ, ಸಾವನ್ನು. ಅಪ್ಪ ಸತ್ತಾಗ ಜಮೀನು ಮಕ್ಕಳ ಹೆಸರಿಗೆ ಬರಬೇಕು. ಆಗ ವಾರಸುದಾರರನ್ನೆಲ್ಲ ಹಕ್ಕು ಬದಲಾವಣೆಯ ಪುಸ್ತಕದಲ್ಲಿ ಬರೆಯುತ್ತಾರೆ. ಹೆಣ್ಣುಮಕ್ಕಳನ್ನು ತವರಿನ ಹೆಸರಿನಿಂದಲೇ ಬರೆದು, ಮುಂದೆ "ಕೋಂ" ಎಂದು ಹಾಕಿ ಗಂಡನ ಹೆಸರು ಸೇರಿಸುತ್ತಾರೆ. ಇಂಥವರ ಹೆಂಡತಿ ಎಂದು ಅದರರ್ಥ.

ಅರ್ಜಿ, ಶುಲ್ಕ, ರಸೀದಿ. "ಗುರುವಾರ ಬನ್ನಿ" ಎಂದ ಗುಮಾಸ್ತ. ವಿಚಾರಣೆ ಶುಕ್ರವಾರ. ನನ್ನ ಕೈ ತಾನಾಗಿ ಕಿಸೆಗೆ ಹೋಯಿತು. ಆಡಿಟರು ನನ್ನ ಮಣಿಕಟ್ಟು ಹಿಡಿದುಕೊಂಡರು. ಆ ಸಪೂರ ಕೈಯಲ್ಲಿ ಅಷ್ಟು ಬಲವಿತ್ತೆಂದು ನನಗೆ ಗೊತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ನಕಲು ಸಿಕ್ಕಿತು. ಮೃತ ಪುಂಡಲೀಕನ ವಾರಸುದಾರರು: ಎರಡು ಗಂಡು, ಒಂದು ಹೆಣ್ಣು. ಮೂರನೆಯ ಸಾಲಿನಲ್ಲಿ ಶೇವಂತಿ, ಕೋಂ, ಅದರ ಮುಂದೆ ನಮ್ಮ ಕಾರ್ಯದರ್ಶಿಯ ಹೆಸರು, ಅವನ ಅಪ್ಪನ ಹೆಸರು, ಅಡ್ಡಹೆಸರು ಸಮೇತ. ಕೃಷಿಕರಲ್ಲದವರು ಹೊಲ ಕೊಳ್ಳುವಂತಿಲ್ಲದ ಕಾಲವದು. ಅವನಿಗೆ ಗೇಣು ಹೊಲವಿರಲಿಲ್ಲ, ಹೆಂಡತಿಯ ತವರಿಗಿತ್ತು. ಅದಕ್ಕೇ ಆ ಹೆಸರು ಹೊರಗೆ ತೆಗೆದಿದ್ದ.

ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಗುಲಾಬಿ ಆ ಕಾಗದವನ್ನು ಎದೆಗೊತ್ತಿಕೊಂಡು ಕೂತಳು. "ನಾಳೆ ಇದನ್ನ ಅವನ ಮುಖಕ್ಕೆ ಹಿಡೀತೆ" ಎಂದಳು.

"ಹಿಡೀಬೇಡ" ಎಂದರು ಆಡಿಟರು. "ಭೂಮಿ ಅದೆ ಅಂದ ಮಾತ್ರಕ್ಕೆ ಕಳ್ಳ ಆಗೂದಿಲ್ಲ. ಮಾವ ಕೊಟ್ಟದ್ದು, ಬಂಗಾರ ಮಾರಿದ್ದು, ಏನಾರೂ ಹೇಳ್ತಾನೆ. ದಾಖಲೆ ಕಳ್ಳನ್ನ ಹಿಡಿಯೂದಿಲ್ಲ ತಂಗಿ, ಸುಳ್ಳನ್ನ ಹಿಡೀತದೆ. ಮೊದಲು ಅವ ಸುಳ್ಳು ಹೇಳ್ಲಿ."

ಶುಕ್ರವಾರ ವಿಚಾರಣಾಧಿಕಾರಿಯ ಮುಂದೆ ಅವರು ಗುಲಾಬಿಯ ಪರವಾಗಿ ಒಂದೇ ಒಂದು ಪ್ರಶ್ನೆಯನ್ನು ಬರೆದುಕೊಟ್ಟು, ಕಾರ್ಯದರ್ಶಿಯಿಂದ ಲಿಖಿತ ಉತ್ತರ ಕೊಡಿಸಬೇಕೆಂದು ಕೇಳಿಕೊಂಡರು. ಭಾವಿಕೇರಿಯ ಜಮೀನಿನ ಮಾಲಿಕರಾದ, ಪುಂಡಲೀಕನ ಮಗಳು ಶೇವಂತಿ ಎಂಬವರು ತಮಗೆ ಪರಿಚಯವೇ?

ಕಾರ್ಯದರ್ಶಿ ಪ್ರಶ್ನೆ ಓದಿದ. ನನ್ನ ಕಡೆ ನೋಡಿದ. ಚಾ ಅಂಗಡಿಯಲ್ಲಿ ಕಾಗದ ಬೀಸಿದವನ ಹತ್ತಿರ ಇನ್ನೇನಿದ್ದೀತು ಎಂದುಕೊಂಡಿರಬೇಕು. "ಇಲ್ಲ" ಎಂದು ಬರೆದು, ಸಹಿ ಹಾಕಿ, ತಾರೀಕು ಹಾಕಿದ.

ಇಪ್ಪತ್ತು ವರ್ಷ ಬಾಳಿದ ಹೆಂಡತಿ.

ಆಡಿಟರು ಮೂರು ನಕಲುಗಳನ್ನು ಒಂದರ ಪಕ್ಕ ಒಂದು ಇಟ್ಟರು. ಪಹಣಿ, ಖರೀದಿ ಪತ್ರ, ವಾರಸಾ. ಪ್ರತಿಯೊಂದಕ್ಕೂ ಹಿಂದೆ ರಸೀದಿ ಗುಂಡುಪಿನ್ನಿನಲ್ಲಿ. ಅವನ ವಕೀಲರು ಎದ್ದು, ಇದರಿಂದ ಸಂಘದ ಹಣ ಎಂದು ಹೇಗೆ ಸಿದ್ಧವಾಗುತ್ತದೆ ಎಂದು ಕೇಳಿದರು. "ಆಗೂದಿಲ್ಲ" ಎಂದರು ಆಡಿಟರು ತಣ್ಣಗೆ. "ಹೆಂಡತಿಯನ್ನೇ ಗೊತ್ತಿಲ್ಲ ಎಂದು ಬರೆದದ್ದು ಯಾಕೆ ಎಂದಷ್ಟೇ ನಾವು ಕೇಳುವುದು. ಬ್ಯಾಂಕಿನ ಖಾತೆ ತರಿಸಿ ನೋಡುವ ಅಧಿಕಾರ ತಮಗಿದೆ, ನಮಗಿಲ್ಲ. ಆ ಬಾಯಿಯವರನ್ನು ಎಲ್ಲರೆದುರು ಇಲ್ಲಿಗೆ ಕರೆಸಬಾರದು ಎಂದು ಮಾತ್ರ ನನ್ನ ವಿನಂತಿ. ಅವರ ಹೆಸರು ಬೇರೆಯವರ ಕೈಚೀಲವಾಗಿತ್ತು, ಅಷ್ಟೆ."

ಅಧಿಕಾರಿ ಖಾತೆಯನ್ನು ತರಿಸಿದರು. ನಾನು ಹಿಂದಿನ ಬಾಗಿಲಿನಿಂದ ತಂದು ವಾಪಸು ಕೊಟ್ಟಿದ್ದ ಅದೇ ಲೆಕ್ಕ, ಈಗ ಮೊಹರು ಹಾಕಿಕೊಂಡು ಮುಂದಿನ ಬಾಗಿಲಿನಿಂದ ಬಂತು. ಮುಂದಿನದು ಅವನಿಗೂ ಪೊಲೀಸರಿಗೂ ಬಿಟ್ಟದ್ದು. ನನ್ನ ಮೇಲಿನ ನೋಟಿಸಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಗುಲಾಬಿಗೆ ಕೆಲಸ ವಾಪಸು ಸಿಕ್ಕಿತು. ಆದರೆ ಹಣ ಪಡೆಯುವವನನ್ನು ನೋಡದೆ ಸಹಿ ಹಾಕಿದ್ದಕ್ಕೆ ಎಚ್ಚರಿಕೆ ನೀಡಿದೆ ಎಂದು ಅವಳ ಸೇವಾ ಪುಸ್ತಕದಲ್ಲಿ ಒಂದು ಸಾಲು ಬಿತ್ತು. ಅದನ್ನು ತೆಗೆಸಲು ನಾನು ಒಬ್ಬರನ್ನು ಹಿಡಿಯುವುದರಲ್ಲಿದ್ದೆ. "ಇರ್ಲಿ ದಾದಾ" ಎಂದಳು ಗುಲಾಬಿ. "ಅದು ನಿಜ. ನಿಜ ಇರೂದ್ರಿಂದ್ಲೇ ಉಳಿದದ್ದನ್ನೂ ನಂಬ್ತಾರೆ." ಆಡಿಟರದೇ ಮಾತು ಅವಳ ಬಾಯಲ್ಲಿ. ಬೆಳಂಬಾರದ ಅತ್ತೆ ಕಪಾಟಿನ ಕೀಲಿಯನ್ನು ಒಂದು ದಿನ ದೇವರ ಗೂಡಿನ ಮೊಳೆಗೆ ತೂಗುಹಾಕಿದಳಂತೆ. ಅದಕ್ಕೂ ಮಾತಿರಲಿಲ್ಲ.

ವಿಚಾರಣೆ ಮುಗಿದ ಬುಧವಾರ ಆಡಿಟರು ಧಕ್ಕೆಗೆ ಬಂದರು. "ಇವತ್ತು ನಿನ್ನ ಮೀನು ಆಗ್ತದೆ ತಮಾ" ಎಂದರು. ದೊಡ್ಡ ಇಸವಾಣ ಎತ್ತಿ ಕೊಟ್ಟೆ. ಹಣ ಬೇಡವೆಂದರೆ ಕೇಳಲಿಲ್ಲ. ಅಭ್ಯಾಸಬಲದಿಂದ ನಾನು ಒಂದೂವರೆ ಪಟ್ಟು ಹೇಳಿಬಿಟ್ಟೆ. ಕೊಟ್ಟೇಬಿಟ್ಟರು! ಪಕ್ಕದಿಂದ ದೇವಕಿ ಬಾಯಿ, "ಥೂ ಸಾವ್ಕಾರಾ, ನಾಚ್ಕೆ ಇಲ್ವಾ ನಿಂಗೆ?" ಎಂದು ನನ್ನ ಕೈಯಿಂದ ನೋಟು ಕಸಿದು, ಅರ್ಧ ಅವರ ಕಿಸೆಗೆ ತುರುಕಿದಳು.

ಆಮೇಲೆ ಆರೇಳು ವರ್ಷ ಅವರು ಇದ್ದರು. ಬುಧವಾರ, ಭಾನುವಾರ ಮೀನು. ಉಳಿದ ದಿನ ಕಿಟಕಿ. ನಾನೊಂದು ಸೈಟು ಕೊಳ್ಳುವಾಗ ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸಿ ಎರಡು ಗಂಟೆ ಓದಿ, "ಬೇಡ" ಎಂದರು. ಕಾರಣ ಹೇಳಲಿಲ್ಲ, ಬಿಟ್ಟೆ. ಕೊಂಡವನು ಇನ್ನೂ ಕೋರ್ಟಿಗೆ ತಿರುಗುತ್ತಿದ್ದಾನೆ. ಗುಲಾಬಿ ತಿಂಗಳಿಗೊಮ್ಮೆ ಬೆಳಂಬಾರದಿಂದ ಏಡಿಯೋ ಕಲ್ಗ ಎಂಬ ಚಿಪ್ಪುಮೀನೋ ಹಿಡಿದು ಅವರ ಮನೆಗೆ ಹೋಗಿ, ಅಡುಗೆ ಮಾಡಿಟ್ಟು ಬರುತ್ತಿದ್ದಳು. ಅವಳನ್ನು ಅವರು ತಂಗಿ ಎನ್ನುವುದು ಬಿಟ್ಟು ಯಾವಾಗಿನಿಂದಲೋ "ಮಗಾ" ಎನ್ನತೊಡಗಿದ್ದರು.

ಅವರು ಹೋದದ್ದು ಅವಳು ಅಲ್ಲಿದ್ದ ದಿನವೇ. ಬೆಳಿಗ್ಗೆ ಚಾ ಕುಡಿದು, ಕಪ್ಪು ಕೆಳಗಿಟ್ಟು, ಒರಗಿದವರು ಏಳಲಿಲ್ಲ. ಕ್ರಿಯೆ ಮುಗಿದ ಮೇಲೆ ಅಕ್ಕೋರು, "ನಂಗೆ ಕಾಲು ನಡಿಯೂದಿಲ್ಲ. ನೀವಿಬ್ರು ಹೋಗಿ ಸಾವು ಬರ್ಸಿ ಬನ್ನಿ. ಅಲ್ಲೇ ಇದ್ದವ್ಳು ಗುಲಾಬೀನೇ ಅಲ್ದಾ" ಎಂದರು.

ನಗರಸಭೆಯಲ್ಲಿ ಸರತಿ ಉದ್ದವಿತ್ತು. ಒಳಗಿನ ಗುಮಾಸ್ತ ನನ್ನನ್ನು ಕಂಡು, "ಸಾವ್ಕಾರ್ರೆ, ಒಳಗೆ ಬನ್ನಿ, ಮಾಡಿಕೊಡ್ತೆ" ಎಂದು ಕೂಗಿದ. ನನ್ನ ಕಾಲು ಆಗಲೇ ಆ ಕಡೆ ಹೊರಟಿತ್ತು. ಗುಲಾಬಿ ನನ್ನ ಅಂಗಿಯ ತುದಿ ಹಿಡಿದುಕೊಂಡಳು. ಕಿಟಕಿಯ ಈ ಕಡೆಯೇ ನಿಂತೆವು. ಮುಕ್ಕಾಲು ಗಂಟೆ.

ನಮ್ಮ ಪಾಳಿ ಬಂತು. ಮೃತರ ಹೆಸರು, ತಂದೆಯ ಹೆಸರು, ವಯಸ್ಸು, ಉದ್ಯೋಗ. ಒಂದೊಂದಕ್ಕೂ ಗುಲಾಬಿ ಚೀಲದಿಂದ ಕಾಗದ ತೆಗೆದು ತೋರಿಸಿದಳು.

"ಮಾಹಿತಿ ಕೊಡೂವವರು ನೀವಾ ಅಕ್ಕಾ? ಮೃತರಿಗೆ ಏನಾಗ್ಬೇಕು?"

ಗುಲಾಬಿಯ ಕೈ ಚೀಲಕ್ಕೆ ಹೋಯಿತು; ಅದಕ್ಕೆ ಕಾಗದವಿರಲಿಲ್ಲ. ನಾನೇ ಹೇಳಿದೆ: "ಮಗಳು ಅಂತ ಬರ್ಕಳಿ. ಯಾರು ಕೇಳ್ತಾರೆ?"

ಗುಮಾಸ್ತ ಪೆನ್ನು ಊರಿದ್ದ.

"ಬೇಡ, ಬರೀಬೇಡಿ" ಎಂದಳು. "ಇದು ಅವರ ಕೊನೇ ದಾಖಲೆ. ಪರಿಚಯದವಳು ಅಂತ ಬರೀರಿ."

ಅವನು ಬರೆದು, ಸಹಿಗೆ ಹಾಳೆಯನ್ನು ಕಿಟಕಿಯ ಈ ಕಡೆ ದಾಟಿಸಿದ. ಗುಲಾಬಿ ಸಹಿ ಹಾಕಲಿಲ್ಲ. ಮೊದಲ ಸಾಲಿನಿಂದ ಓದತೊಡಗಿದಳು. ಮುಗಿಸಿ, ಹಿಂಬದಿ ಮಗುಚಿ ಅದನ್ನೂ ಓದಿದಳು. ಹಿಂದೆ ನಿಂತವನೊಬ್ಬ, "ಏನಕ್ಕಾ, ಪರೀಕ್ಷೆ ಅದ್ಯಾ?" ಎಂದ. ನಾಲ್ಕು ಜನ ನಕ್ಕರು. ಅವಳು ಮತ್ತೆ ಮುಂಬದಿಗೆ ಬಂದು, ತಾರೀಕಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ನೋಡಿದಳು.

ಆಮೇಲೆ ಸಹಿ ಹಾಕಿದಳು. ಕೈ ನಡುಗಲಿಲ್ಲ. ನಕಲು ಶುಲ್ಕ ಎಣಿಸಿ ಕಿಟಕಿಯೊಳಗೆ ಇಟ್ಟು, ಆ ಕೈಯನ್ನು ಅಲ್ಲೇ ಚಾಚಿ ಹಿಡಿದು ಹೇಳಿದಳು: "ರಸೀದಿ."